ಸಿಂಪ್ಸನ್ ಬೇ ಲಗೂನ್‌ಗೆ ಹೋಗುವವರು ಮೊದಲು ಸೇತುವೆಯ ಸಮಯ ನೋಡಿ

ನಮಸ್ಕಾರ ಸರ್. ಮಾರ್ಚ್‌ನಲ್ಲಿ 45 ಅಡಿಯ ಬಾಡಿಗೆ ಕ್ಯಾಟಮರಾನ್ (ಎರಡು ಒಡಲಿನ ಹಾಯಿದೋಣಿ) ತೆಗೆದುಕೊಂಡು ಆಂಟಿಗಾದಿಂದ ಕೆರಿಬಿಯನ್‌ನ ಸೇಂಟ್ ಮಾರ್ಟನ್‌ಗೆ, ಅಂದರೆ ಡಚ್ ಮತ್ತು ಫ್ರೆಂಚ್ ಪಾಲುಗಳಿರುವ ದ್ವೀಪಕ್ಕೆ ಹೋಗುತ್ತೇವೆ, ಸಂಜೆ ಹೊತ್ತಿಗೆ ತಲುಪುತ್ತೇವೆ, ಅಲ್ಲಿನ ಸಿಂಪ್ಸನ್ ಬೇ ಲಗೂನ್‌ನ (ಸಮುದ್ರಕ್ಕೆ ಇಕ್ಕಟ್ಟಾದ ಬಾಯಿ ಇರುವ ಹಿನ್ನೀರು) ಬಾಯಿಗೆ ಅಡ್ಡ ಇರುವ ಸೇತುವೆಯನ್ನು ಕೇಳಿದ ತಕ್ಷಣ ಎತ್ತುತ್ತಾರಾ ಅಂತ ಕೇಳಿದ್ದೀರಿ. ಇಲ್ಲ, ಎತ್ತುವುದಿಲ್ಲ. ದಿನಕ್ಕೆ ಕೆಲವೇ ಸಲ, ಗೊತ್ತು ಮಾಡಿದ ಹೊತ್ತಿಗೆ ಮಾತ್ರ. ಹಾಗಾಗಿ ಮೊದಲು ಸೇತುವೆಯ ಸಮಯ ನೋಡಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಆಂಟಿಗಾದಿಂದ ಯಾವಾಗ ಹೊರಡಬೇಕು ಅಂತ ತೀರ್ಮಾನ ಮಾಡಿ. ದೋಣಿ ತಲುಪಿಸುವ ಕೆಲಸದಲ್ಲಿ ನಾನು ಎರಡು ಸಲ ಒಳಗೆ ಹೋಗಿ ಬಂದಿದ್ದೇನೆ, ಆ ಅನುಭವದಿಂದ ಹೇಳುತ್ತಿದ್ದೇನೆ.

ಇದು ಸುಮ್ನೆ ಹಟ ಅಲ್ಲ. ವಿಮಾನ ನಿಲ್ದಾಣದ ಕಡೆಯಿಂದ ಡಚ್ ಕಡೆಯ ರಾಜಧಾನಿ ಫಿಲಿಪ್ಸ್‌ಬರ್ಗ್‌ಗೆ ಹೋಗುವ ಮುಖ್ಯ ರಸ್ತೆ ಇದೇ ಸೇತುವೆಯ ಮೇಲೆ ಹಾದು ಹೋಗುತ್ತದೆ. ಒಂದು ಸಲ ಎತ್ತಿದರೆ ಎರಡೂ ಕಡೆ ಕಾರುಗಳ ಸಾಲು ಬೆಳೆಯುತ್ತದೆ. 2013ರ ಕೊನೆಯಲ್ಲಿ ಲಗೂನ್ ಮಧ್ಯದಲ್ಲೇ ಇನ್ನೊಂದು ರಸ್ತೆ ಮಾಡಿದರು. ಆ ರಸ್ತೆಯಲ್ಲೂ ಒಂದು ತಿರುಗುವ ಸೇತುವೆ ಇದೆ, ನೀವು ಲಗೂನ್‌ನ ಆಚೆ ಭಾಗಕ್ಕೆ ಹೋಗುವುದಾದರೆ ಅದರ ಸಮಯವನ್ನೂ ನೋಡಿಕೊಳ್ಳಬೇಕು. ಮೂರನೆಯದು ಫ್ರೆಂಚ್ ಕಡೆ, ಮಾರಿಗೋ ಹತ್ತಿರದ ಸ್ಯಾಂಡಿ ಗ್ರೌಂಡ್ ಸೇತುವೆ. ಅಲ್ಲಿ ಕಾಲುವೆ ಇಕ್ಕಟ್ಟು, ಆಳವೂ ಕಡಿಮೆ. ಮೊದಲ ಸಲ ಹೋಗುವವರಿಗೆ ಡಚ್ ಕಡೆಯದೇ ಒಳ್ಳೆಯದು ಅಂತ ನನ್ನ ಅನಿಸಿಕೆ.

ಸಮಯದ ಪಟ್ಟಿ ಸೀಸನ್‌ಗೆ ತಕ್ಕಂತೆ ಬದಲಾಗುತ್ತದೆ, ಆದ್ದರಿಂದ ಹಳೆಯ ಪುಸ್ತಕದಲ್ಲಿ ಇರುವುದನ್ನು ನಂಬಬೇಡಿ. ಹೊರಡುವ ಹಿಂದಿನ ದಿನ ನೋಡಿ, ಹತ್ತಿರ ಬಂದ ಮೇಲೆ ವಿಎಚ್ಎಫ್ ರೇಡಿಯೋದ ಚಾನೆಲ್ 12ರಲ್ಲಿ ಸೇತುವೆಯವರನ್ನು ಕರೆದು ಇನ್ನೊಮ್ಮೆ ಕೇಳಿ. ದೋಣಿಯ ಹೆಸರು, ಉದ್ದ, ಅಗಲ ಹೇಳಿದರೆ ಸಾಕು. ಜೋರು ಗಾಳಿ ಇದ್ದರೆ ಎತ್ತದೇ ಇರುವ ಸಾಧ್ಯತೆಯೂ ಇದೆ, ಅದು ಅವರ ನಿರ್ಧಾರ, ವಾದ ಮಾಡಿ ಪ್ರಯೋಜನ ಇಲ್ಲ.

ಈಗ ಒಳಗೆ ಹೋಗುವ ಆ ಕೆಲವು ನಿಮಿಷಗಳ ಬಗ್ಗೆ. ಸೇತುವೆಯ ಬಾಯಿ ಸುಮಾರು 17 ಮೀಟರ್ ಅಗಲ, ನಿಮ್ಮ ಕ್ಯಾಟಮರಾನ್‌ಗೆ ಧಾರಾಳವಾಗಿ ಸಾಕು. ಆದರೂ ಅಲ್ಲಿಗೆ ಹೋದಾಗ ಅದು ಚಿಕ್ಕದಾಗೇ ಕಾಣುತ್ತದೆ. ಕೆರಿಬಿಯನ್‌ನಲ್ಲಿ ಉಬ್ಬರ ಇಳಿತ ತೀರಾ ಕಡಿಮೆ, ಸೆಳೆತ ಎಲ್ಲಿಂದ ಬರಬೇಕು ಅಂತ ಅನ್ನಿಸಬಹುದು. ಅಷ್ಟು ದೊಡ್ಡ ಲಗೂನ್‌ನ ನೀರು ಇಕ್ಕಟ್ಟಾದ ಎರಡೇ ಬಾಯಿಗಳಲ್ಲಿ ಒಳಗೆ ಹೊರಗೆ ಆಡಬೇಕಲ್ವಾ, ಅದಕ್ಕೇ ಸೇತುವೆಯ ಕೆಳಗೆ ಸೆಳೆತ ಇರುತ್ತದೆ. ಮೊದಲು ಹೊರಗೆ ಬರುವ ದೋಣಿಗಳನ್ನು ಬಿಡುತ್ತಾರೆ, ಆಮೇಲೆ ಒಳಗೆ ಹೋಗುವವರ ಸರದಿ. ಹಸಿರು ದೀಪ ಬರುವ ತನಕ ಕೊಲ್ಲಿಯಲ್ಲೇ ನಿಧಾನಕ್ಕೆ ಸುತ್ತು ಹಾಕುತ್ತಾ ಇರಿ. ಹಾಯಿ ಪೂರ್ತಿ ಇಳಿಸಿ, ಎರಡೂ ಎಂಜಿನ್ ಚಾಲೂ ಇರಲಿ, ಫೆಂಡರ್‌ಗಳನ್ನು (ಗುದ್ದಿದರೆ ಪೆಟ್ಟು ತಡೆಯುವ ಮೆತ್ತೆಗಳು) ಎರಡೂ ಬದಿಗೆ ಕಟ್ಟಿ. ನನ್ನ ಮೊದಲ ಸಲ ಮುಂದಿನ ದೋಣಿಗೆ ತೀರಾ ಅಂಟಿಕೊಂಡು ಹೋದೆವು. ಅವರು ಯಾಕೋ ಬಾಯಿಯ ಹತ್ತಿರ ನಿಂತರು, ನಾವು ರಿವರ್ಸ್ ಹಾಕಿದೆವು, ದೋಣಿ ಚುಕ್ಕಾಣಿಯ ಮಾತು ಕೇಳುವುದನ್ನೇ ಬಿಟ್ಟು ಅಡ್ಡ ತಿರುಗಲು ಶುರು ಮಾಡಿತು. ಗೋಡೆಗೆ ಒಂದು ಮೊಳ ದೂರದಲ್ಲಿ ಉಳಿದುಕೊಂಡೆವು. ಆವತ್ತಿನಿಂದ ಮುಂದಿನವರ ಹಿಂದೆ ಕನಿಷ್ಠ ಮೂರು ನಾಲ್ಕು ದೋಣಿಯಷ್ಟು ಜಾಗ ಬಿಡುತ್ತೇನೆ, ಒಳಗೆ ನುಗ್ಗಿದ ಮೇಲೆ ವೇಗ ಇಳಿಸುವುದಿಲ್ಲ. ಅನುಭವ ಇದ್ದವರಿಗೂ ಇಲ್ಲಿ ತಪ್ಪುತ್ತದೆ. 2019ರಲ್ಲಿ ಒಂದು ಭಾರೀ ಯಾಟ್ ಇದೇ ಸೇತುವೆಯ ನಿಯಂತ್ರಣ ಕೋಣೆಗೆ ಗುದ್ದಿತ್ತು.

ಸಂಜೆಯ ಕೊನೆಯ ಸಲ ತಪ್ಪಿಹೋಯಿತು ಅಂದುಕೊಳ್ಳಿ. ಏನೂ ಆಗುವುದಿಲ್ಲ. ಹೊರಗೆ ಸಿಂಪ್ಸನ್ ಕೊಲ್ಲಿಯಲ್ಲೇ ಲಂಗರು ಹಾಕಿ ಮಲಗಿ, ಬೆಳಿಗ್ಗೆ ಹೋಗಿ. ಅಲೆ ಒಳಬಂದರೆ ದೋಣಿ ಸ್ವಲ್ಪ ಹೊಯ್ದಾಡುತ್ತದೆ, ಅಷ್ಟೆ. ಹತ್ತು ನಿಮಿಷ ಉಳಿಸಲು ಪೂರ್ತಿ ಎಂಜಿನ್ ಕೊಟ್ಟು ಓಡಿಬಂದು, ಸುಸ್ತಾದ ಜನರನ್ನು ಇಟ್ಟುಕೊಂಡು ಆ ಬಾಯಿಗೆ ನುಗ್ಗುವುದು ದಯವಿಟ್ಟು ಬೇಡ.

ಕಾಗದಪತ್ರ ಸುಲಭ. ಡಚ್ ಕಡೆಯ ಕಚೇರಿ ಸೇತುವೆಯ ಪಕ್ಕದಲ್ಲೇ ಇದೆ, ಡಿಂಗಿಯಲ್ಲಿ (ಯಾಟ್ ಜೊತೆಗಿರುವ ಸಣ್ಣ ದೋಣಿ) ಹೋಗಿ ಬರಬಹುದು, ಸೇತುವೆಯ ಶುಲ್ಕವನ್ನೂ ವಿಚಾರಿಸಿ ಅಲ್ಲೇ ಮುಗಿಸಿ. ಒಂದು ಮಾತು ಮಾತ್ರ ನೆನಪಿರಲಿ, 1648ರಿಂದ ಈ ದ್ವೀಪ ಎರಡು ಪಾಲು. ನೀರಿನ ಮೇಲೆ ಗಡಿಯ ಗೆರೆ ಕಾಣುವುದಿಲ್ಲ, ಆದರೆ ಯಾಟನ್ನೇ ಫ್ರೆಂಚ್ ಕಡೆಗೆ ತೆಗೆದುಕೊಂಡು ಹೋಗುವುದಾದರೆ ಡಚ್ ಕಡೆ ಬಿಡುಗಡೆ ಮಾಡಿಸಿ ಅಲ್ಲಿ ಹೊಸದಾಗಿ ನೋಂದಾಯಿಸಬೇಕು.

ಒಳಗೆ ಲಂಗರು ಹಾಕುವಾಗ ಗುರುತಿನ ಬೋಯೆಗಳ ದಾರಿ ಬಿಟ್ಟು ಅಡ್ಡ ಹೋಗಬೇಡಿ. ಇದನ್ನು ಚಂಡಮಾರುತದಲ್ಲಿ ಅಡಗುವ ಜಾಗ ಅಂತ ನಂಬಿ ಬಂದ ನೂರಾರು ದೋಣಿಗಳು 1995ರಲ್ಲಿ ಲೂಯಿಸ್‌ಗೆ, 2017ರ ಸೆಪ್ಟೆಂಬರ್‌ನಲ್ಲಿ ಇರ್ಮಾಗೆ ಹಾಳಾದವು. ಮುಳುಗಿದವುಗಳಲ್ಲಿ ತುಂಬಾ ಎತ್ತಿ ತೆಗೆದಿದ್ದಾರೆ, ಆದರೂ ತಳದಲ್ಲಿ ಏನೂ ಇಲ್ಲ ಅಂತ ನಾನು ಭಾವಿಸುವುದಿಲ್ಲ. ಲಂಗರು ಹಿಡಿದಿದೆಯೇ ಅಂತ ಸಾಧ್ಯವಾದರೆ ಮುಳುಗಿ ನೋಡಿ. ಶೌಚದ ಟ್ಯಾಂಕ್ ಮಾತ್ರ ಒಳಗೆ ಖಾಲಿ ಮಾಡಲೇಬೇಡಿ ಸರ್. ಎರಡೇ ಬಾಯಿ ಇರುವ ನೀರು ಅದು, ಹೋದದ್ದು ಬೇಗ ಹೊರಗೆ ಹೋಗುವುದಿಲ್ಲ, ಅದರ ಪಕ್ಕದಲ್ಲೇ ಜನ ಬದುಕುತ್ತಾರೆ.

ಮಾರ್ಚ್ ಮೊದಲ ವಾರ ಹೈನೆಕೆನ್ ರೆಗಾಟಾ ಎಂಬ ಹಾಯಿದೋಣಿ ಸ್ಪರ್ಧೆ ನಡೆಯುತ್ತದೆ. ಆಗ ಸೇತುವೆಯ ಮುಂದೆ ದೊಡ್ಡ ಸಾಲು, ಮರೀನಾದಲ್ಲಿ ಜಾಗವೂ ಕಷ್ಟ. ನಿಮ್ಮ ತಾರೀಖು ಯಾವುದು, ದೋಣಿ ನೀರಿನೊಳಗೆ ಎಷ್ಟು ಅಡಿ ಇಳಿಯುತ್ತದೆ ಅಂತ ಇಲ್ಲೇ ಬರೆಯಿರಿ, ಎಲ್ಲಿ ನಿಲ್ಲಿಸಬಹುದು ಅಂತ ನೋಡಿ ಹೇಳುತ್ತೇನೆ.