ಸಾಹಸಿ ಪುರಾತತ್ವಜ್ಞನೊಬ್ಬನ ಹಾಲಿವುಡ್ ಸರಣಿ ‘ಇಂಡಿಯಾನಾ ಜೋನ್ಸ್’ನ ನಾಲ್ಕನೇ ಚಿತ್ರದ ಬಗ್ಗೆ ಅಭಿಮಾನಿಗಳು ಇಂದಿಗೂ ವಾದಿಸುವುದೇಕೆ?

ಮುಖ್ಯ ಕಾರಣ ಕಾಯುವಿಕೆ. ಮೂರನೆಯದು ಬಂದದ್ದು 1989ರಲ್ಲಿ, ನಾಲ್ಕನೆಯದು 2008ರಲ್ಲಿ. ಅಷ್ಟರೊಳಗೆ ಪ್ರತಿಯೊಬ್ಬರೂ ತಮ್ಮದೇ ನಾಲ್ಕನೇ ಚಿತ್ರವನ್ನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದರು.

ಹೆಚ್ಚು ಬೈಸಿಕೊಂಡದ್ದು ಅಣುಬಾಂಬ್ ಸ್ಫೋಟದಲ್ಲಿ ನಾಯಕ ಫ್ರಿಜ್ಜಿನೊಳಗೆ ಅಡಗಿ ಬದುಕುಳಿಯುವ ದೃಶ್ಯ. ಆದರೆ ಎರಡನೇ ಚಿತ್ರದಲ್ಲಿ ಅವನು ಗಾಳಿ ತುಂಬಿದ ರಬ್ಬರ್ ದೋಣಿ ಹಿಡಿದು ವಿಮಾನದಿಂದ ಹಾರಿ ಬದುಕಲಿಲ್ಲವೇ? ಚಿಕ್ಕಂದಿನಲ್ಲಿ ನೋಡಿದವರು ಅದನ್ನು ಪ್ರಶ್ನಿಸಲೇ ಇಲ್ಲ.

ಅನ್ಯಲೋಕದ ಜೀವಿಗಳೂ ಹಲವರಿಗೆ ಹಿಡಿಸಲಿಲ್ಲ. ನನಗೆ ಆ ಆಯ್ಕೆ ಸರಿಯೆನಿಸುತ್ತದೆ: ಮೊದಲ ಮೂರೂ ಕಥೆಗಳು 1930ರ ದಶಕದ್ದು, ಧಾಟಿಯೂ ಆ ಕಾಲದ ಚಿತ್ರಮಂದಿರಗಳಲ್ಲಿ ಕಂತುಕಂತಾಗಿ ಬರುತ್ತಿದ್ದ ಸಾಹಸ ಧಾರಾವಾಹಿಗಳದ್ದು. ನಾಲ್ಕನೆಯದು ನಡೆಯುವುದು 1957ರಲ್ಲಿ. ಹಾಗಾಗಿ ಸರಣಿಯ ಸೃಷ್ಟಿಕರ್ತ ಜಾರ್ಜ್ ಲ್ಯೂಕಾಸ್ ಐವತ್ತರ ದಶಕದ ಹಾರುತಟ್ಟೆ ಸಿನಿಮಾಗಳ ಧಾಟಿ ಹಿಡಿದರು.

ನಿಜವಾದ ಕೊರತೆ ಇರುವುದು ಗ್ರಾಫಿಕ್ಸ್‌ನಲ್ಲಿ. ಮೊದಲ ಚಿತ್ರದಲ್ಲಿ ನಾಯಕ ಲಾರಿಯಡಿ ಎಳೆಸಿಕೊಂಡು ಹೋಗುವಾಗ ನಮ್ಮ ಮೈಯೇ ತರಚಿದಂತಾಗುತ್ತದೆ, ಏಕೆಂದರೆ ಅಲ್ಲಿ ಒಬ್ಬ ಸಾಹಸ ಕಲಾವಿದ ನಿಜಕ್ಕೂ ಎಳೆಸಿಕೊಂಡಿದ್ದ. ನಾಲ್ಕನೆಯದರಲ್ಲಿ ನಾಯಕನ ಜತೆಗಿನ ಹುಡುಗ ಕೋತಿಗಳ ಜತೆ ಬಳ್ಳಿಯಿಂದ ಬಳ್ಳಿಗೆ ಜಿಗಿಯುವಾಗ ಆ ಭಯ ಹುಟ್ಟುವುದೇ ಇಲ್ಲ. ಆದರೂ ಮೊದಲ ಚಿತ್ರದ ನಾಯಕಿ ಮರಿಯನ್‌ಳನ್ನು ಮತ್ತೆ ಕಂಡಾಗ ನಾಯಕನ ಮುಖ ಅರಳುತ್ತದಲ್ಲ, ಆ ಒಂದು ಗಳಿಗೆಗಾಗಿ ನಾನು ಈ ಚಿತ್ರವನ್ನು ಇನ್ನೂ ನೋಡುತ್ತೇನೆ.