ಹಲ್ಲಿನ ಕ್ಲಿಪ್ಪಿನ ಚಿಪ್ ಏನು ಹೇಳುತ್ತದೆ?

ಪ್ರಶ್ನೆ: ಡಾಕ್ಟರ್ ಸಾಹೇಬರೆ, ನಮ್ಮ ಯಜಮಾನರಿಗೆ 46 ವರ್ಷ. ಸೇಡಂ ಕಡೆ ಸಿಮೆಂಟ್ ಲಾರಿ ಓಡಿಸುತ್ತಾರೆ. ಗೊರಕೆ ಹೊಡೆಯುತ್ತಲೇ ಉಸಿರು ನಿಂತುಬಿಡುತ್ತದೆ, ನಾನು ಅಲುಗಾಡಿಸಿ ಎಬ್ಬಿಸಬೇಕು. ಕಲಬುರಗಿಯಲ್ಲಿ ಸ್ಲೀಪ್ ಟೆಸ್ಟ್ ಮಾಡಿಸಿದೆವು, 22 ಬಂದಿದೆ. ಮಲಗುವಾಗ ಮುಖವಾಡದಿಂದ ಗಾಳಿ ಒತ್ತುವ ಸಿಪ್ಯಾಪ್ ಮಷೀನ್ ಹಾಕಿಕೊಳ್ಳಿ ಎಂದರು. ಆದರೆ ಬೇಸಿಗೆಯಲ್ಲಿ ನಾವು ಮಲಗುವುದು ಮಾಳಿಗೆ ಮೇಲೆ, ಕರೆಂಟಿನ ಭರವಸೆ ಇಲ್ಲ. ಗೊರಕೆಗೆಂದೇ ರಾತ್ರಿ ಹಾಕಿಕೊಳ್ಳುವ, ಚಿಪ್ ಇರುವ ಹಲ್ಲಿನ ಕ್ಲಿಪ್ ಬಂದಿದೆಯಂತಲ್ಲ, ಅದು ಸಾಕಾ? ಉಸಿರು ನಿಂತರೆ ಅದು ಹೇಳುತ್ತದಾ?
— ಓದುಗರು, ಶಹಾಬಾದ್

ಉತ್ತರ: ಮೊದಲು ಚಿಪ್ ವಿಷಯ ಮುಗಿಸೋಣ ಅಕ್ಕಾರೆ. ಸಾಮಾನ್ಯವಾಗಿ ಹಾಕುವ ಚಿಪ್ ಬಾಯಿಯ ಬಿಸಿ ಅಳೆದು, ಎಷ್ಟು ತಾಸು ಹಾಕಿಕೊಂಡಿದ್ದರು ಎಂದಷ್ಟೇ ಬರೆದಿಡುತ್ತದೆ. ಹಾಜರಿ ಪುಸ್ತಕ ಇದ್ದ ಹಾಗೆ. ಉಸಿರಿನ ಲೆಕ್ಕ ಅದಕ್ಕೆ ಗೊತ್ತಿಲ್ಲ. ಆದ್ದರಿಂದ ಕ್ಲಿಪ್ ಹೊಂದಿಕೊಂಡ ಮೇಲೆ, ಅದನ್ನು ಹಾಕಿಕೊಂಡೇ ಇನ್ನೊಮ್ಮೆ ಸ್ಲೀಪ್ ಟೆಸ್ಟ್ ಮಾಡಿಸಿ. ಗೊರಕೆ ನಿಂತಿತು, ಇನ್ನೇನು ಎಂದು ಸುಮ್ನೆ ಕೂರಬೇಡಿ.

22 ಅಂದರೆ ತಾಸಿಗೆ ಸುಮಾರು 22 ಸಲ ಉಸಿರು ನಿಂತಿದೆ ಅಥವಾ ಕುಗ್ಗಿದೆ, ಪ್ರತಿ ಸಲ ಕನಿಷ್ಠ 10 ಸೆಕೆಂಡು. 15ರಿಂದ 30 ಮಧ್ಯಮ, ಅದರ ಮೇಲೆ ತೀವ್ರ. ಉಸಿರು ಸರಿಮಾಡುವುದರಲ್ಲಿ ಮಷೀನೇ ಮುಂದು. ಆದರೆ ಮೂಲೆಯಲ್ಲಿ ಬಿದ್ದಿರುವ ಮಷೀನಿಗಿಂತ ದಿನಾ ಬಾಯಲ್ಲಿರುವ ಕ್ಲಿಪ್ ವಾಸಿ. ಅದು ಕೆಳದವಡೆಯನ್ನು ಸ್ವಲ್ಪ ಮುಂದೆ ಹಿಡಿದಿಡುತ್ತದೆ, ಜೊತೆಗೆ ನಾಲಿಗೆಯೂ ಮುಂದೆ ಬಂದು ಗಂಟಲ ದಾರಿ ತೆರೆಯುತ್ತದೆ. ಕರೆಂಟ್ ಬೇಡ.

ಯಜಮಾನರು ಗುಟ್ಕಾ ತಿನ್ನುತ್ತಾರಾ? ಡ್ರೈವರ್ ಅಂದದ್ದಕ್ಕೆ ಕೇಳಿದೆ, ಬೇಜಾರಾಗಬೇಡಿ. ಅವರ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಇಡಲು ಹೇಳಿ. ಹೋಗದಿದ್ದರೆ ಬಾಯಿ ಬಿಗಿದಿದೆ ಎಂದರ್ಥ, ಹಲ್ಲಿನ ಅಚ್ಚು ತೆಗೆಯುವುದೇ ಕಷ್ಟ, ಅದಕ್ಕೆ ಮೊದಲು ಚಿಕಿತ್ಸೆ ಬೇಕು. ಹಲ್ಲು, ಒಸಡೂ ಗಟ್ಟಿ ಇರಬೇಕು. ಆನ್‌ಲೈನಲ್ಲಿ ಸಿಗುವ, ಬಿಸಿನೀರಲ್ಲಿ ಅದ್ದಿ ಕಚ್ಚುವ ಅಗ್ಗದ ಕ್ಲಿಪ್ ತರಿಸಬೇಡಿ. ದಂತವೈದ್ಯರು ಅಳತೆಗೆ ಮಾಡಿಕೊಟ್ಟು, ವಾರಗಟ್ಟಲೆ ತುಸುತುಸುವೇ ಮುಂದೆ ಸರಿಸುತ್ತಾರೆ.

ಶುರುವಿನಲ್ಲಿ ಜೊಲ್ಲು ಜಾಸ್ತಿ, ದವಡೆ ನೋವು. ಬೆಳಿಗ್ಗೆ ಖಡಕ್ ರೊಟ್ಟಿ ಕಡಿಯಲು ಹೋದರೆ ಹಲ್ಲಿಗೆ ಹಲ್ಲು ಕೂರುವುದಿಲ್ಲ. ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ. ಮಧ್ಯಾಹ್ನವಾದರೂ ಹಾಗೇ ಇದ್ದರೆ ದಂತವೈದ್ಯರಿಗೆ ತೋರಿಸಿ, ವರ್ಷಗಟ್ಟಲೆ ಹಾಕಿದರೆ ಹಲ್ಲು ಸರಿಯುವುದೂ ಉಂಟು.

ಚಿಕಿತ್ಸೆ ಹಿಡಿಯುವ ತನಕ ರಾತ್ರಿ ಟ್ರಿಪ್ ಬೇಡವೇ ಬೇಡ, ಹಗಲಲ್ಲೂ ತೂಕಡಿಕೆ ಬಂದರೆ ಲಾರಿ ಬದಿಗೆ ನಿಲ್ಲಲಿ. ಮತ್ತೆ, ಬೆಳಿಗ್ಗೆ ಹಾಸಿಗೆ ಸುತ್ತುವಾಗ ಕ್ಲಿಪ್ ಮಾಳಿಗೆ ಮೇಲೇ ಮರೆತು ಬರಬೇಡಿ. ನಮ್ಮ ಬಿಸಿಲಿಗೆ ಅದು ಸೊಟ್ಟಗಾಗುತ್ತದೆ. ತಣ್ಣೀರಲ್ಲಿ ತೊಳೆದು ಡಬ್ಬಿಗೆ ಹಾಕಿ.