ಕಾನೂನು ಪ್ರಶ್ನೋತ್ತರ: ತಂದೆ ತೀರಿಕೊಂಡ ಮೇಲೆ ಬಂದ ಕಾಯಿದೆ ಮಗಳಿಗೆ ಹಕ್ಕು ಕೊಡುತ್ತದೆಯೇ?

ಪ್ರಶ್ನೆ: ನಮ್ಮ ತಂದೆ 2001ರಲ್ಲಿ ತೀರಿಕೊಂಡರು. ಪಿತ್ರಾರ್ಜಿತ ಜಮೀನು ಇನ್ನೂ ಪಾಲಾಗಿಲ್ಲ. ನಾನು ಪಾಲು ಕೇಳಿದರೆ ಅಣ್ಣನವರು, "ಹೆಣ್ಣುಮಕ್ಕಳಿಗೆ ಹಕ್ಕು ಬಂದದ್ದು 2005ರಲ್ಲಿ, ಅಪ್ಪ ಹೋದ ಮೇಲೆ ಬಂದ ಕಾಯಿದೆ ನಮಗೆ ಸಂಬಂಧಿಸಿದ್ದಲ್ಲ" ಎನ್ನುತ್ತಾರೆ. ಹೊಸ ಕಾಯಿದೆ ಹಿಂದಿನ ಕಾಲಕ್ಕೆ ಅನ್ವಯಿಸುವುದಿಲ್ಲವೆಂದೇ ನ್ಯಾಯಾಲಯಗಳು ಭಾವಿಸುತ್ತವೆ ಎಂದು ಪರಿಚಯದ ವಕೀಲರೂ ಹೇಳಿದರು. ಇದು ನಿಜವೇ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ವಕೀಲರು ಹೇಳಿದ ತತ್ತ್ವ ಸರಿಯಾಗಿದೆ. ಅದರಿಂದ ನಿಮ್ಮ ಅಣ್ಣನವರು ತೆಗೆದ ತೀರ್ಮಾನ ಸರಿಯಲ್ಲ.

ಕಾಯಿದೆಯ ಮಾತು ಸ್ಪಷ್ಟವಿಲ್ಲದಾಗ ಶಾಸಕಾಂಗ ಏನನ್ನು ಉದ್ದೇಶಿಸಿರಬಹುದು ಎಂಬುದಕ್ಕೆ ನ್ಯಾಯಾಲಯಗಳು ಕೆಲವು ಪೂರ್ವಭಾವನೆಗಳನ್ನು ಇಟ್ಟುಕೊಂಡು ಓದಲು ತೊಡಗುತ್ತವೆ. ಕಾಯಿದೆ ಸಂವಿಧಾನಬದ್ಧವಾಗಿದೆ ಎಂಬುದು ಒಂದು, ದುರುದ್ದೇಶವಿಲ್ಲದೆ ಅಪರಾಧವಿಲ್ಲ ಎಂಬುದು ಇನ್ನೊಂದು. ಜನರು ಅಂದಿನ ಕಾನೂನನ್ನು ನಂಬಿ ಮಾಡಿದ ವ್ಯವಹಾರವನ್ನು ನಾಳೆಯ ಕಾನೂನು ಕೆಡಿಸಬಾರದು ಎಂಬ ನ್ಯಾಯಬುದ್ಧಿಯಿಂದ ಹುಟ್ಟಿದ್ದು, ಪೂರ್ವಾನ್ವಯವಿಲ್ಲ, ಅಂದರೆ ಹೊಸ ಕಾಯಿದೆ ಹಿಂದಿನ ಕಾಲಕ್ಕೆ ಅನ್ವಯಿಸುವುದಿಲ್ಲ ಎಂಬ ಈ ಪೂರ್ವಭಾವನೆ. 1957ರ ಗರಿಕಪಾಟಿ ವೀರಯ್ಯ ಪ್ರಕರಣ ಇದಕ್ಕೆ ಒಳ್ಳೆಯ ನಿದರ್ಶನ. 1949ರಲ್ಲಿ ಬಾಪಟ್ಲದಲ್ಲಿ ಹೂಡಿದ ಆ ದಾವೆಯ ಮೌಲ್ಯ 11,400 ರೂಪಾಯಿ. ಆಗ ದೇಶದ ಅತ್ಯುನ್ನತ ನ್ಯಾಯಾಲಯಕ್ಕೆ ಮೇಲ್ಮನವಿ ಹೋಗಲು 10,000 ರೂಪಾಯಿ ಮೌಲ್ಯ ಸಾಕಿತ್ತು, ಸಂವಿಧಾನ ಬಂದ ಮೇಲೆ ಅದು 20,000 ಆಯಿತು. ಮೇಲ್ಮನವಿಯ ಹಕ್ಕು ದಾವೆ ಹೂಡಿದ ದಿನವೇ ಕಕ್ಷಿದಾರನಿಗೆ ದಕ್ಕಿರುತ್ತದೆ, ಸ್ಪಷ್ಟವಾದ ಮಾತಿಲ್ಲದೆ ನಂತರದ ಕಾನೂನು ಅದನ್ನು ಕಸಿಯಲಾರದು ಎಂದು ಸುಪ್ರೀಂ ಕೋರ್ಟ್ ಬಹುಮತದಿಂದ ತೀರ್ಮಾನಿಸಿತು.

ಆದರೆ ಪೂರ್ವಭಾವನೆ ಎಂದರೆ ಓದಿನ ಆರಂಭ ಮಾತ್ರ. ಕಾಯಿದೆಯ ಪದಗಳು ಬೇರೆ ಕಡೆಗೆ ಒಯ್ದರೆ ನ್ಯಾಯಾಲಯ ಪದಗಳನ್ನೇ ಅನುಸರಿಸಬೇಕು. (ಅಪರಾಧ ಕಾನೂನಿನ ಮಾತು ಬೇರೆ: ಮಾಡಿದಾಗ ಅಪರಾಧವಲ್ಲದ ಕೃತ್ಯಕ್ಕೆ ನಂತರ ಶಿಕ್ಷೆ ವಿಧಿಸುವುದನ್ನು ಸಂವಿಧಾನದ 20(1)ನೇ ವಿಧಿಯೇ ತಡೆಯುತ್ತದೆ.)

ಇನ್ನು ನಿಮ್ಮ ವಿಷಯ. ಹಿಂದೂ ಉತ್ತರಾಧಿಕಾರ (ತಿದ್ದುಪಡಿ) ಕಾಯಿದೆ 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂತು. ನಿಮ್ಮ ಅಣ್ಣನವರ ವಾದಕ್ಕೂ ಒಂದು ಕಾಲದಲ್ಲಿ ಆಧಾರವಿತ್ತು ಎಂಬುದನ್ನು ಒಪ್ಪಬೇಕು. ಬೆಳಗಾವಿಯಿಂದ ಸುಪ್ರೀಂ ಕೋರ್ಟಿಗೆ ಹೋದ 'ಪ್ರಕಾಶ್ ವಿರುದ್ಧ ಫೂಲವತಿ' ಪ್ರಕರಣದಲ್ಲಿ ತಂದೆ 1988ರಲ್ಲೇ ತೀರಿಕೊಂಡಿದ್ದರು. 2015ರಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಇದೇ ಪೂರ್ವಭಾವನೆಯನ್ನು ಮುಂದಿಟ್ಟುಕೊಂಡು, ತಿದ್ದುಪಡಿ ಬಂದ ದಿನ ತಂದೆ, ಮಗಳು ಇಬ್ಬರೂ ಬದುಕಿರಬೇಕು ಎಂದಿತು. ಕರ್ನಾಟಕದ್ದೇ ಆದ ದಾನಮ್ಮ ಪ್ರಕರಣದಲ್ಲಿ ತಂದೆ, ನಿಮ್ಮ ತಂದೆಯವರಂತೆಯೇ, 2001ರಲ್ಲಿ ತೀರಿಕೊಂಡಿದ್ದರು. ಅಲ್ಲಿ 2018ರಲ್ಲಿ ಅಷ್ಟೇ ಬಲದ ಇನ್ನೊಂದು ಪೀಠ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. ಈ ಗೊಂದಲಕ್ಕೆ ತೆರೆ ಬಿದ್ದದ್ದು 2020ರ ಆಗಸ್ಟ್ 11ರಂದು, ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪಿನಿಂದ.

ಆ ಪೀಠ ಪೂರ್ವಭಾವನೆಯನ್ನು ತಳ್ಳಿಹಾಕಲಿಲ್ಲ. ಕಾಯಿದೆಯ 6ನೇ ಕಲಮನ್ನೇ ಹತ್ತಿರದಿಂದ ಓದಿತು. ತಿದ್ದುಪಡಿ ಜಾರಿಗೆ ಬಂದ ದಿನದಿಂದ ಮಗಳು ಮಗನಂತೆಯೇ "ಹುಟ್ಟಿನಿಂದ" ಸಹದಾಯಾದಿಯಾಗುತ್ತಾಳೆ (ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲುದಾರಳಾಗುತ್ತಾಳೆ) ಎಂದು ಅಲ್ಲಿದೆ. ಹಕ್ಕಿನ ಮೂಲ ಹುಟ್ಟು ಎಂದಾದ ಮೇಲೆ ತಂದೆಯ ಸಾವಿನ ದಿನಾಂಕಕ್ಕೆ ಅಲ್ಲಿ ಕೆಲಸವಿಲ್ಲ. ಹಕ್ಕು ಚಲಾವಣೆಗೆ ಬರುವುದು 2005ರಿಂದ, ಅದಕ್ಕೆ ಆಧಾರವಾದ ಹುಟ್ಟು ಮಾತ್ರ ಹಿಂದಿನದು. ಇದೇ ಸರಿಯಾದ ಓದು ಎಂದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ನಡೆದುಹೋದ ವ್ಯವಹಾರಗಳಿಗೆ ಬೇಕಾದ ರಕ್ಷಣೆಯನ್ನು ಸಂಸತ್ತು ಅದೇ ಕಲಮಿನಲ್ಲಿ ತಾನೇ ಬರೆದಿಟ್ಟಿದೆ: 2004ರ ಡಿಸೆಂಬರ್ 20ಕ್ಕೆ ಮೊದಲು ಆದ ವಿಭಾಗ, ಮಾರಾಟ, ಉಯಿಲುಗಳು ಅಬಾಧಿತ. ಮಸೂದೆ ರಾಜ್ಯಸಭೆಯಲ್ಲಿ ಮಂಡನೆಯಾದ ದಿನವದು.

ಹಾಗಾಗಿ ನಿಮ್ಮ ಅಣ್ಣನವರು ತೋರಿಸಬೇಕಾದದ್ದು ತಂದೆಯ ಮರಣ ಪ್ರಮಾಣಪತ್ರವನ್ನಲ್ಲ, ಆ ದಿನಾಂಕಕ್ಕೆ ಹಿಂದಿನ ನೋಂದಾಯಿತ ವಿಭಾಗಪತ್ರವನ್ನು ಅಥವಾ ನ್ಯಾಯಾಲಯದ ಡಿಕ್ರಿಯನ್ನು. ಬಾಯಿಮಾತಿನಲ್ಲಿ ಪಾಲಾಗಿತ್ತು ಎಂಬ ವಾದವನ್ನು ಸಾರ್ವಜನಿಕ ದಾಖಲೆಗಳ ಬೆಂಬಲವಿರುವ ಅಪರೂಪದ ಸಂದರ್ಭಗಳಲ್ಲಷ್ಟೇ ಒಪ್ಪಬಹುದು ಎಂದು 2020ರ ತೀರ್ಪು ಹೇಳಿದೆ. 1994ರ ಜುಲೈ 30ರಂದು ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ, ಅದಕ್ಕೆ ಮೊದಲೇ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. ಅದನ್ನು ಈಗಲೂ ಹಳ್ಳಿಗಳಲ್ಲಿ ಉಲ್ಲೇಖಿಸುವವರಿದ್ದಾರೆ, ಆದರೆ 2005ರ ಕೇಂದ್ರ ತಿದ್ದುಪಡಿಯ ಮುಂದೆ ಆ ಭೇದ ನಿಲ್ಲುವುದಿಲ್ಲ.

ಜಮೀನು ತಂದೆಯವರ ಸ್ವಯಾರ್ಜಿತವಾಗಿದ್ದು, ಅವರು ಉಯಿಲು ಬರೆದಿಲ್ಲವಾದರೆ 2005ರ ಚರ್ಚೆಯೇ ಬೇಕಿಲ್ಲ. 1956ರ ಮೂಲ ಕಾಯಿದೆಯ ಪ್ರಕಾರವೇ ಮಗಳು ಮಗನಿಗೆ ಸಮಾನ ವಾರಸುದಾರಳು. ಮೊದಲು ಉಪನೋಂದಣಾಧಿಕಾರಿ ಕಚೇರಿಯಿಂದ ಋಣಭಾರ ಪತ್ರವನ್ನೂ, ಜೊತೆಗೆ ಹಳೆಯ ಪಹಣಿಗಳನ್ನೂ ತೆಗೆಸಿ, ಜಮೀನು ಯಾವ ಬಗೆಯದೆಂದು ಖಚಿತಪಡಿಸಿಕೊಂಡು ವಿಭಾಗದ ದಾವೆ ಹೂಡಿ.